ಫಲಕ ನಂಬಿ ಅಂದ ಹೂಂ

ನನಗೆ ಮೊದಲಿನಿಂದಲೂ ಆರಿಸುವ ಚಟ. ಅಕ್ಕಿ ಹಸನು ಮಾಡಲು ಕೂತರೆ ಒಂದು ಹರಳೂ ನನ್ನ ಕಣ್ಣು ತಪ್ಪಿಸಿಕೊಳ್ಳುವುದಿಲ್ಲ. ಮೊಬೈಲಿನ ಫೋಟೋಗಳನ್ನು ಭಾನುವಾರಕ್ಕೊಮ್ಮೆ ಕೂತು ಅಳಿಸುತ್ತೇನೆ. ಸಂತೆಯಲ್ಲಿ ಬದನೆಕಾಯಿ ತಿರುವಿ ತಿರುವಿ ನೋಡುವಾಗ ಮಾರುವವಳು, ಬದನೆಕಾಯಿ ಒಯ್ಯಾಕ ಬಂದೀರೋ ಮಗಳಿಗೆ ವರಾ ನೋಡಾಕ ಬಂದೀರೋ ಎಂದು ಕೇಳಿದ್ದೂ ಉಂಟು. ಹಾಗಾಗಿ ರಾಯಚೂರಿನಲ್ಲಿ ನಡೆದ ಶಿಕ್ಷಕರ ತರಬೇತಿಯಲ್ಲಿ ಕಂಟೆಂಟ್ ಕ್ಯುರೇಶನ್ ಎಂಬ ಹೊಸ ಮಾತು ಕೇಳಿ ಉಳಿದವರೆಲ್ಲ ಮುಖ ಹಿಂಡಿಕೊಂಡಾಗ, ನಾನೊಬ್ಬಳು ಮಾತ್ರ ಇದು ನನ್ನದೇ ಕೆಲಸ ಅಂದುಕೊಂಡೆ.

ತರಬೇತಿ ಕೊಟ್ಟ ತರುಣಿ ಹೇಳಿದ್ದು ಇಷ್ಟೇ. ಇಂಟರ್‌ನೆಟ್ಟಿನಲ್ಲಿ ಪಾಠಕ್ಕೆ ಬೇಕಾದದ್ದೂ ಬೇಡವಾದದ್ದೂ ರಾಶಿ ಬಿದ್ದಿದೆ. ಮಕ್ಕಳನ್ನು ಆ ರಾಶಿಯಲ್ಲಿ ಬಿಡಬಾರದು. ನೀವು ಹುಡುಕಬೇಕು, ನೋಡಬೇಕು, ಒಳ್ಳೆಯದನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ತೆಗೆಯಬೇಕು, ಇಟ್ಟುಕೊಂಡದ್ದನ್ನು ಪಾಠದ ಪ್ರಕಾರ ಜೋಡಿಸಿ ಕೊಡಬೇಕು. ಅದಕ್ಕೆ ಮೊಬೈಲಿನಲ್ಲೇ ಒಂದು ಸಲಕರಣೆ ತೋರಿಸಿದಳು. ಗೋಡೆಗೆ ಹಾಕಿದ ಸೂಚನಾ ಫಲಕದಂತೆ ಕಾಣುತ್ತಿತ್ತು. ಪಾಠಕ್ಕೊಂದು ಸಾಲು, ಸಾಲಿನಲ್ಲಿ ವಿಡಿಯೋ, ಚಿತ್ರ, ಧ್ವನಿ, ಪ್ರಶ್ನೆಗಳ ಹಾಳೆ ಹೀಗೆ ಬೇಕಾದ್ದನ್ನು ಚೀಟಿ ಚೀಟಿಯಾಗಿ ಅಂಟಿಸಬಹುದು. ಒಂದು ಲಿಂಕ್ ಕಳಿಸಿದರೆ ಯಾರು ಬೇಕಾದರೂ ಎಲ್ಲಿಂದಲಾದರೂ ತೆರೆಯಬಹುದು. ಪ್ರತಿ ಚೀಟಿಯ ಕೆಳಗೆ ಅದನ್ನು ಎಷ್ಟು ಸಲ ತೆರೆದಿದ್ದಾರೆಂಬ ಅಂಕಿ ಬೀಳುತ್ತದೆ. ಅದಕ್ಕೊಂದು ಇಂಗ್ಲಿಷ್ ಹೆಸರಿತ್ತು, ನಾವು ಯಾರೂ ಆ ಹೆಸರಿಂದ ಕರೆಯಲಿಲ್ಲ. ಫಲಕ ಅಂದೆವು.

ನಾನಿರುವುದು ರಾಯಚೂರಿನಲ್ಲಿ, ವಿಜ್ಞಾನ ಕಲಿಸುವುದು ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ. ಬೆಳಗಿನ ಬಸ್ಸು ಕಲ್ಮಲ ಮುಟ್ಟುವಷ್ಟರಲ್ಲಿ ಕೂರಲು ಜಾಗ ಸಿಗುತ್ತಿತ್ತು. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಆರಿಸಲು ಶುರು ಮಾಡುತ್ತಿದ್ದೆ. ಒಬ್ಬ ಮಹಾಶಯ ಬೆಳಕಿನ ವಕ್ರೀಭವನ ಹೇಳುವ ಮುಂಚೆ ಎರಡು ನಿಮಿಷ ತನ್ನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಎಂದು ಬೇಡಿಕೊಳ್ಳುತ್ತಿದ್ದ, ತೆಗೆದೆ. ಒಬ್ಬಳು ಹೃದಯದ ನಾಲ್ಕು ಕೋಣೆಗಳನ್ನು ಆರತಿ ಹಾಡಿನ ಧಾಟಿಯಲ್ಲಿ ಓದುತ್ತಿದ್ದಳು, ತೆಗೆದೆ. ಇನ್ನೊಬ್ಬರು ಚೆನ್ನಾಗಿ ಹೇಳುತ್ತಿದ್ದರು, ಆದರೆ ಹಿಂದೆ ಯಾರದೋ ಕುಕ್ಕರ್ ಕೂಗುತ್ತಿತ್ತು, ತೆಗೆದೆ. ಹತ್ತು ನೋಡಿ ಒಂದು ಇಟ್ಟುಕೊಳ್ಳುವುದರಲ್ಲಿ ಎಂಥ ಸುಖ ಅಂತೀರಿ. ಮೂರು ತಿಂಗಳಲ್ಲಿ ಹತ್ತನೆಯ ತರಗತಿಯ ವಿಜ್ಞಾನ ಪೂರ್ತಿ ನನ್ನ ಫಲಕದ ಮೇಲೆ ಸಾಲುಗಟ್ಟಿ ನಿಂತಿತು.

ತರಗತಿಯಲ್ಲಿ ಅದು ನಿಜವಾಗಿಯೂ ಉಪಯೋಗಕ್ಕೆ ಬಂತು ಎಂಬುದನ್ನು ಈಗಲೂ ಅಲ್ಲಗಳೆಯುವುದಿಲ್ಲ. ಗೋಡೆಯ ಮೇಲಿನ ಟಿವಿಯಲ್ಲಿ ಮೂರು ನಿಮಿಷ ಹಾಕುವುದು, ನಿಲ್ಲಿಸುವುದು, ಕೇಳುವುದು, ಮತ್ತೆ ಹಾಕುವುದು. ಮೂತ್ರಪಿಂಡದೊಳಗೆ ರಕ್ತ ಹರಿಯುವುದನ್ನು ನೋಡಿ ಹಿಂದಿನ ಬೆಂಚಿನವರೂ ಬಾಯಿ ತೆರೆದು ಕೂತಿದ್ದರು. ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಮೂತ್ರಪಿಂಡ ಯಾವಾಗಲೂ ಗೋಡಂಬಿಗಿಂತ ಮುಂದೆ ಹೋಗುತ್ತಿರಲಿಲ್ಲ.

ಫಲಕದ ತುದಿಯಲ್ಲಿ, ಯಾವ ಪಾಠಕ್ಕೂ ಸೇರದ ಒಂದು ಚೀಟಿ ಇತ್ತು. ಸಲಕರಣೆ ಕಲಿಯುತ್ತಿದ್ದ ಮೊದಲ ದಿನಗಳಲ್ಲಿ ಪರೀಕ್ಷೆಗೆಂದು ತರಗತಿಯಲ್ಲಿ ಏನೋ ಒತ್ತಿದ್ದೆ. ವಿಡಿಯೋ ಶುರುವಾಗಿತ್ತು, ನನಗೆ ಗೊತ್ತಾಗಲಿಲ್ಲ. ಮೊಬೈಲನ್ನು ಕೈಯಲ್ಲಿ ತಲೆಕೆಳಗಾಗಿ ಹಿಡಿದುಕೊಂಡೇ ಪಾಠ ಮಾಡಿದ್ದೆ. ನಲವತ್ತು ಸೆಕೆಂಡು ಬರೀ ನೆಲದ ಕಲ್ಲು, ನನ್ನ ಸೀರೆಯ ಅಂಚು, ಫ್ಯಾನಿನ ಸದ್ದು. ನಾನು ತಿಳೀತೇನು ಎಂದು ಕೇಳಿದ್ದು, ಎಲ್ಲರೂ ಸೇರಿ ತಿಳೀತ್ರೀ ಎಂದು ಕೂಗಿದ್ದು, ಯಾರೋ ಕಿಸಕ್ಕನೆ ನಕ್ಕಿದ್ದು. ಅದು ತಾನಾಗಿಯೇ ಫಲಕಕ್ಕೆ ಅಂಟಿಕೊಂಡಿತ್ತು. ಅಳಿಸಬೇಕು ಅಂದುಕೊಂಡು ಮರೆತಿದ್ದೆ.

ಆ ವರ್ಷ ಹತ್ತನೆಯ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಹಾಜರಿಯಲ್ಲಿ ಹದಿನೇಳನೆಯವಳು. ತರಗತಿಯೊಳಗೆ ಬಾಯಿ ಬಿಡುತ್ತಿರಲಿಲ್ಲ. ಗಂಟೆ ಹೊಡೆದ ಮೇಲೆ ನಾನು ಸ್ಟಾಫ್ ರೂಮಿನ ಕಡೆ ಹೊರಟರೆ ಹಿಂದೆಯೇ ಬಂದು, ವರಾಂಡದಲ್ಲಿ ನಿಲ್ಲಿಸಿ ಕೇಳುತ್ತಿದ್ದಳು. ಕನ್ನಡಿಯಲ್ಲಿ ಬಲ ಎಡ ಆಗುತ್ತದೆ, ಸರಿ, ಆದರೆ ತಲೆ ಯಾಕೆ ಕೆಳಗೆ ಆಗುವುದಿಲ್ಲ ಎಂದು ಒಂದು ದಿನ ಕೇಳಿದಳು. ನಾನು ನಾಳೆ ಹೇಳುತ್ತೇನೆ ಎಂದು ತಪ್ಪಿಸಿಕೊಂಡು, ಬಸ್ಸಿನಲ್ಲಿ ಕೂತು ಓದಿಕೊಂಡು ಬರಬೇಕಾಯಿತು. ಇವಳು ಪಾಸಾಗುತ್ತಾಳೆ ಮಾತ್ರವಲ್ಲ, ಮುಂದೆ ವಿಜ್ಞಾನವನ್ನೇ ಓದುತ್ತಾಳೆ ಎಂದು ನನಗೆ ಖಾತ್ರಿ ಇತ್ತು. ಅವಳಿಗೆ ಒಬ್ಬ ತಂಗಿ, ಎಂಟನೆಯ ತರಗತಿ, ಅದೇ ಶಾಲೆ. ಅಪ್ಪ ಅಮ್ಮ ಕೂಲಿ ಮಾಡುವವರು.

ನಮ್ಮ ಕಡೆ ಸಂಕ್ರಾಂತಿ ಆಸುಪಾಸಿನಲ್ಲಿ ಗುಳೆ ಹೊರಡುವವರ ಕಾಲ. ದುಡಿಯಲು ಊರು ಬಿಟ್ಟು ಗುಂಪುಗುಂಪಾಗಿ ಹೋಗುತ್ತಾರೆ. ನಮ್ಮ ಶಾಲೆಯ ಊರಿನಿಂದ ಹೆಚ್ಚಿನವರು ಹೋಗುತ್ತಿದ್ದುದು ಗುಂಟೂರು ಕಡೆಗೆ, ಮೆಣಸಿನಕಾಯಿ ಹರಿಯಲು. ಯುಗಾದಿ ಮುಗಿದ ಮೇಲೆಯೇ ಬರುವುದು. ಹೊರಡುವ ಮುಂಚೆ ತಾಯಂದಿರು ಶಾಲೆಗೆ ಬಂದು, ಮಗಳನ್ನೋ ಮಗನನ್ನೋ ಕರೆದುಕೊಂಡು ಹೋಗಲೇ ಎಂದು ಕೇಳುತ್ತಿದ್ದರು. ಕೇಳದೆ ಕರೆದುಕೊಂಡು ಹೋದರೆ ಯಾರೂ ಹಿಡಿದು ನಿಲ್ಲಿಸುವುದಿಲ್ಲ. ಆದರೂ ಬಂದು ಕೇಳುತ್ತಿದ್ದರು. ನಮ್ಮ ಹೆಡ್‌ಮಾಸ್ತರು ನಿವೃತ್ತಿಗೆ ಹತ್ತಿರವಾದವರು, ದೊಡ್ಡ ಗಂಟಲಿನ ಮನುಷ್ಯ. ಅವರನ್ನು ಎಲ್ಲರೂ ದೊಡ್ಡ ಸರ್ ಅನ್ನುತ್ತಿದ್ದರು. ಬಂದ ಹೆಂಗಸನ್ನು ವರಾಂಡದಲ್ಲೇ ನಿಲ್ಲಿಸಿ, ಬುದ್ಧಿ ಅದನೋ ಇಲ್ಲೋ ನಿನಗ, ಕೂಸಿನ ಬದುಕು ಹಾಳು ಮಾಡ್ತೀಯೇನು ಎಂದು ಇಡೀ ಶಾಲೆಗೆ ಕೇಳುವಂತೆ ಬೈಯುತ್ತಿದ್ದರು. ಆಕೆ ತಲೆ ತಗ್ಗಿಸಿ ನಿಂತು, ಬೈಸಿಕೊಂಡು ಹೋಗುತ್ತಿದ್ದಳು. ಎಷ್ಟೋ ಮಕ್ಕಳು ಅಜ್ಜಿಯ ಬಳಿ ಉಳಿಯುತ್ತಿದ್ದರು, ಕೆಲವರು ಹಾಸ್ಟೆಲ್ ಸೇರುತ್ತಿದ್ದರು.

ಅದನ್ನು ನೋಡಲಾಗದೆ ನಾನು ತರಗತಿಯ ಬಾಗಿಲು ಮುಚ್ಚಿಕೊಳ್ಳುತ್ತಿದ್ದೆ. ಅದಕ್ಕೆ ಕಾರಣ ಇತ್ತು. ನಾನು ಹುಟ್ಟಿದ್ದು ಮಾನ್ವಿಯ ಕೇರಿಯಲ್ಲಿ. ನನ್ನ ಅವ್ವ ನೆಲ್ಲು ಹಚ್ಚುವ ಕಾಲಕ್ಕೆ ಪೋತ್ನಾಳದ ಕಡೆಗೆ ಗುಂಪಿನ ಜೊತೆ ಹೋಗಿ, ಗದ್ದೆಯ ಬದಿಯಲ್ಲೇ ಗುಡಿಸಲು ಹಾಕಿಕೊಂಡು ಇದ್ದು ದುಡಿಯುತ್ತಿದ್ದಳು. ನಾನು ಹತ್ತನೆಯ ತರಗತಿಯಲ್ಲಿದ್ದಾಗ ಅವ್ವ ನನ್ನ ಕೈ ಹಿಡಿದುಕೊಂಡು ಶಾಲೆಗೆ ಬಂದು, ಈಕಿನ್ನ ಕರ್ಕೊಂಡು ಹೋಗ್ಲೇನ್ರಿ ಎಂದು ನಮ್ಮ ಮಾಸ್ತರನ್ನು ಕೇಳಿದಳು. ಅವರು ತರಗತಿಯ ಬಾಗಿಲಲ್ಲಿ, ನನ್ನ ಗೆಳತಿಯರೆಲ್ಲ ನೋಡುತ್ತಿದ್ದಂತೆ, ಅವ್ವನನ್ನು ಏಕವಚನದಲ್ಲಿ ಝಾಡಿಸಿದರು. ನನ್ನನ್ನು ಒಳಗೆ ಹೋಗು ಅಂದರು. ಅವ್ವ ಸೆರಗು ಎಳೆದುಕೊಂಡು ಹೊರಟುಹೋದಳು. ನಾನು ಓದಿದೆ, ಪಾಸಾದೆ, ಮಾಸ್ತರಿಕೆಗೇ ಬಂದೆ. ಆದರೆ ಆ ಮಾಸ್ತರನ್ನು ಕ್ಷಮಿಸಲಿಲ್ಲ. ನಾನು ಟೀಚರ್ ಆದರೆ ಯಾವ ತಾಯಿಯನ್ನೂ ನಿಲ್ಲಿಸಿ ಬೈಯುವುದಿಲ್ಲ ಎಂದು ಅವತ್ತೇ ಆಣೆ ಮಾಡಿಕೊಂಡಿದ್ದೆ.

ಆ ಜನವರಿಯಲ್ಲಿ ದೊಡ್ಡ ಸರ್ ಕಣ್ಣಿನ ಪೊರೆ ತೆಗೆಸಿಕೊಂಡು ರಜೆಯಲ್ಲಿದ್ದರು. ಹದಿನೇಳನೆಯ ಹುಡುಗಿಯ ತಾಯಿ ಬಂದಳು. ತರಗತಿ ಶಿಕ್ಷಕಿ ನಾನೇ. ವರಾಂಡದಲ್ಲಿ ನಿಲ್ಲಿಸಲಿಲ್ಲ. ಸ್ಟಾಫ್ ರೂಮಿಗೆ ಕರೆದು ಕುರ್ಚಿ ಕೊಟ್ಟೆ. ಆಕೆ ಕುರ್ಚಿಯ ಅಂಚಿನಲ್ಲಿ ಕೂತಳು. ಗುಂಟೂರಿಗೆ ಹೊರಟಿದ್ದೇವೆ, ಸಣ್ಣವಳನ್ನು ಅತ್ತೆಯ ಹತ್ತಿರ ಬಿಡುತ್ತೇವೆ, ಅತ್ತೆಗೆ ಇಬ್ಬರನ್ನು ನೋಡಿಕೊಳ್ಳುವ ಶಕ್ತಿ ಇಲ್ಲ, ದೊಡ್ಡವಳು ಬಂದರೆ ಅಲ್ಲಿ ಅಡುಗೆಗೂ ಆಗುತ್ತಾಳೆ ಕೈಗೂ ಆಗುತ್ತಾಳೆ ಎಂದು ಮನೆಯವರು ಅನ್ನುತ್ತಿದ್ದಾರೆ ಎಂದು ನೆಲ ನೋಡುತ್ತ ಹೇಳಿದಳು. ಕರೆದುಕೊಂಡು ಹೋಗಲೇ ಎಂದು ಕೇಳಿದಳು.

ಬೇಡ ಅನ್ನಬೇಕಿತ್ತು. ಅನ್ನಲಿಲ್ಲ. ಮೊಬೈಲ್ ತೆಗೆದು ಫಲಕ ತೋರಿಸಿದೆ. ಇದರಲ್ಲಿ ವಿಜ್ಞಾನ ಪೂರ್ತಿ ಇದೆ, ಇಂಗ್ಲಿಷು ಗಣಿತದ್ದನ್ನೂ ಹುಡುಕಿ ಸೇರಿಸುತ್ತೇನೆ, ಸಂಜೆ ಒಂದು ತಾಸು ನೋಡಿದರೆ ಸಾಕು ಎಂದು ವಿವರಿಸಿದೆ. ಆಕೆಯ ಗಂಡನ ಫೋನಿಗೆ ಆಗಲೇ ಲಿಂಕ್ ಕಳಿಸಿದೆ.

"ಹತ್ತನೇತ್ತ ಅದಲ್ರಿ ಈ ವರ್ಷ," ಅಂದಳು ಆಕೆ.

ಅದಕ್ಕೇ ಇಷ್ಟೆಲ್ಲ ಮಾಡಿಟ್ಟಿದ್ದೇನೆ, ನೀವು ಚಿಂತೆ ಮಾಡಬೇಡಿ ಅಂದೆ. ಆಕೆ, ಅಲ್ಲಿ ಹೊಲದಲ್ಲಿ ಇರುವುದು, ಕರೆಂಟು ಇರುತ್ತದೋ ಇಲ್ಲವೋ ಅಂದಳು. ಫೋನ್ ಚಾರ್ಜು ಮಾಡಿಕೊಳ್ಳುವಷ್ಟಾದರೂ ಇರುತ್ತದೆ ಅಂದೆ. ಆಕೆ ನನ್ನ ಮುಖ ನೋಡಿದಳು. "ನೀವು ಹೋಗು ಅಂದ್ರ ಹೋಗ್ತೀವ್ರಿ ಟೀಚರ್." ನಾನು ಆಕೆಯ ಕೈ ಹಿಡಿದುಕೊಂಡು, "ಹೂಂ, ಹೋಗಿ ಬರ್ರಿ ಯವ್ವಾ," ಅಂದೆ. ಆಕೆ ಎದ್ದು ಬಾಗಿಲ ತನಕ ಹೋಗಿ, ಏನೋ ಮರೆತವಳಂತೆ ನಿಂತು, ಹೊರಟುಹೋದಳು. ನಾನು ಆ ದಿನ ಬಸ್ಸಿನಲ್ಲಿ ಕೂತು ಖುಷಿಪಟ್ಟದ್ದು ಈಗಲೂ ನೆನಪಿದೆ. ಒಬ್ಬ ತಾಯಿಯನ್ನು ಮರ್ಯಾದೆಯಿಂದ ಕಳಿಸಿಕೊಟ್ಟೆ ಎಂಬ ಖುಷಿ ಅದು.

ಹುಡುಗಿ ಹೋದ ಮೇಲೆ ಮೊದಲ ಕೆಲವು ವಾರ ಫಲಕದ ಅಂಕಿಗಳು ಏರುತ್ತಿದ್ದವು. ನಾನು ದಿನಾ ಸಂಜೆ ಏಳಕ್ಕೊಮ್ಮೆ, ಮಲಗುವ ಮುಂಚೆ ಒಮ್ಮೆ ನೋಡುತ್ತಿದ್ದೆ. ಆದರೆ ಯಾವ ಚೀಟಿಯ ಅಂಕಿ ಎಂದು ಸೂಕ್ಷ್ಮವಾಗಿ ನೋಡಲಿಲ್ಲ. ಒಟ್ಟು ಮೊತ್ತ ನೋಡಿ ತೃಪ್ತಿ ಪಡುತ್ತಿದ್ದೆ. ಸಂಜೆ ಏಳರ ನಂತರ ಶಾಲೆಯ ಮಕ್ಕಳು ಯಾರೂ ತೆರೆಯುವುದಿಲ್ಲ, ಅವರ ಮನೆಗಳಲ್ಲಿ ಫೋನು ಅಪ್ಪಂದಿರ ಕೈಯಲ್ಲಿರುತ್ತದೆ. ಏಳರ ನಂತರ ತೆರೆಯುವವಳು ಅವಳೇ ಎಂದು ನನಗೆ ಗೊತ್ತಿತ್ತು. ಓದುತ್ತಿದ್ದಾಳೆ ಅಂದುಕೊಂಡೆ.

ದೊಡ್ಡ ಸರ್ ರಜೆ ಮುಗಿಸಿ, ಕಪ್ಪು ಕನ್ನಡಕ ಹಾಕಿಕೊಂಡು ಬಂದವರು ಹಾಜರಿ ಪುಸ್ತಕ ನೋಡಿ, ಈ ಹುಡುಗಿ ಎಲ್ಲಿ ಎಂದು ಕೇಳಿದರು. ಹೇಳಿದೆ. ಫಲಕವನ್ನೂ ತೋರಿಸಿದೆ. ಅವರು ಫೋನನ್ನು ನೋಡಲೇ ಇಲ್ಲ. ತಾಯಿ ಬಂದು ಕೇಳಿದಳೇ, ನೀವು ಹೂಂ ಅಂದಿರೇ ಎಂದು ಎರಡು ಸಲ ಕೇಳಿ, ನನಗೊಂದು ಫೋನ್ ಮಾಡಬೇಕಿತ್ತು ನೀವು ಅಂದರು. ಹಾಜರಿ ಪುಸ್ತಕ ಮುಚ್ಚಿದರು. ಹೊಸದನ್ನು ಕಂಡರೆ ಮುದುಕರಿಗೆ ಹೊಟ್ಟೆಕಿಚ್ಚು ಎಂದು ನಾನು ಮನಸ್ಸಿನಲ್ಲೇ ತೀರ್ಪು ಕೊಟ್ಟೆ. ಈಗ ಬರೆಯುವಾಗ ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ರಾಯಚೂರಿಗೆ ಕರೆ ಬಂತು. ನನ್ನ ಫಲಕವನ್ನು ಉಳಿದ ತಾಲ್ಲೂಕುಗಳ ಶಿಕ್ಷಕರಿಗೆ ತೋರಿಸಬೇಕಂತೆ. ಹಿಂದಿನ ದಿನ ಮನೆಯಲ್ಲಿ ಕೂತು ಫಲಕವನ್ನು ಶುಚಿ ಮಾಡಿದೆ. ಸತ್ತ ಲಿಂಕುಗಳನ್ನು ತೆಗೆದೆ, ಸಾಲು ಸರಿಮಾಡಿದೆ. ತುದಿಯಲ್ಲಿದ್ದ ನೆಲದ ವಿಡಿಯೋ ಕಣ್ಣಿಗೆ ಬಿತ್ತು. ಅದರ ಕೆಳಗಿನ ಅಂಕಿ ಉಳಿದ ಎಲ್ಲ ಚೀಟಿಗಳಿಗಿಂತ ದೊಡ್ಡದಿತ್ತು. ಸಲಕರಣೆಯ ಲೆಕ್ಕ ಕೆಟ್ಟಿದೆ ಅಂದುಕೊಂಡೆ. ಅಷ್ಟು ಜನರ ಮುಂದೆ ನನ್ನ ಸೀರೆಯ ಅಂಚು ತೋರಿಸಿ ನಗೆಪಾಟಲಾಗುವುದು ಬೇಡ ಎಂದು ಅಳಿಸಿದೆ. ಮೊಬೈಲಿನಲ್ಲಿ ಅದರ ಮೂಲವೂ ಇರಲಿಲ್ಲ, ಯಾವುದೋ ಭಾನುವಾರ ಹೋಗಿತ್ತು.

ಮರುದಿನ ಸಭಾಂಗಣದಲ್ಲಿ ಮಾತಾಡಿದೆ. ಆರಿಸುವುದೆಂದರೆ ಬೇಡದ್ದನ್ನು ಧೈರ್ಯವಾಗಿ ತೆಗೆಯುವುದು ಅಂದೆ. ಕೊನೆಯಲ್ಲಿ, ನನ್ನ ಒಬ್ಬ ವಿದ್ಯಾರ್ಥಿನಿ ಈಗ ಗುಂಟೂರಿನ ಮೆಣಸಿನಕಾಯಿ ಹೊಲದಲ್ಲಿ ಕೂತು ಇದೇ ಫಲಕದಿಂದ ಹತ್ತನೆಯ ತರಗತಿ ಓದುತ್ತಿದ್ದಾಳೆ ಅಂದೆ. ಚಪ್ಪಾಳೆ ಬಿತ್ತು. ಒಬ್ಬರು ಎದ್ದು ನಿಂತು, ಮೇಡಂ ಇದನ್ನು ಇಡೀ ಜಿಲ್ಲೆಗೆ ಮಾಡಬೇಕು ಅಂದರು. ನಾನು ವಿನಯದಿಂದ ತಲೆ ಆಡಿಸಿದೆ. ಆ ವಾರದಿಂದಲೇ ಸಂಜೆ ಏಳರ ನಂತರದ ಅಂಕಿ ನಿಂತುಹೋಯಿತು. ಪರೀಕ್ಷೆ ಹತ್ತಿರ ಬಂತು, ಪುಸ್ತಕ ಹಿಡಿದು ಓದುತ್ತಿರಬೇಕು ಎಂದು ಅದಕ್ಕೂ ಒಂದು ಸಮಾಧಾನ ಹುಡುಕಿಕೊಂಡೆ.

ಪರೀಕ್ಷೆಗೆ ಹತ್ತು ದಿನ ಇರುವಾಗ ಅವಳ ಅಪ್ಪನ ಫೋನು ಹತ್ತಲಿಲ್ಲ. ದೊಡ್ಡ ಸರ್ ಎಲ್ಲೆಲ್ಲೋ ವಿಚಾರಿಸಿ ಗುಂಪಿನ ಮೇಸ್ತ್ರಿಯನ್ನು ಫೋನಿನಲ್ಲಿ ಹಿಡಿದರು. ಬೇರೆ ಹೊಲಕ್ಕೆ ಬಂದಿದ್ದೇವೆ, ಕಾಯಿ ಕೆಂಪಾಗಿ ನಿಂತಿದೆ, ಈಗ ಯಾರನ್ನೂ ಕಳಿಸಲು ಆಗುವುದಿಲ್ಲ, ಹುಡುಗಿ ಒಬ್ಬಳೇ ಅಷ್ಟು ದೂರ ಹೇಗೆ ಬರುತ್ತಾಳೆ ಅಂದ. ನಾನು ಹೋಗಿ ಕರೆತರುತ್ತೇನೆ ಅಂದೆ. ಊರು ಯಾವುದು ಎಂದು ಕೇಳುವಷ್ಟರಲ್ಲಿ ಅವನೂ ಫೋನ್ ಇಟ್ಟಿದ್ದ, ಮತ್ತೆ ಎತ್ತಲಿಲ್ಲ. ಪರೀಕ್ಷಾ ಕೇಂದ್ರ ದೇವದುರ್ಗದಲ್ಲಿತ್ತು. ಮೊದಲ ದಿನ ಗೇಟಿನ ಹತ್ತಿರ ನಿಂತು ನಮ್ಮ ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಕಳಿಸಿದೆ. ಎಲ್ಲರ ಹಾಲ್ ಟಿಕೆಟ್ ಕೊಟ್ಟ ಮೇಲೆ ಒಂದು ನನ್ನ ಚೀಲದಲ್ಲಿ ಉಳಿಯಿತು. ಅದರಲ್ಲಿ ಅವಳ ಫೋಟೋ ಇತ್ತು, ಎರಡು ಜಡೆ ಹಾಕಿಕೊಂಡು, ನಗಬಾರದೆಂದು ಯಾರೋ ಹೇಳಿದಂತೆ ತುಟಿ ಬಿಗಿದುಕೊಂಡಿದ್ದಳು. ಗಂಟೆ ಹೊಡೆದ ಮೇಲೂ ನಾನು ರಸ್ತೆ ನೋಡುತ್ತ ಅರ್ಧ ತಾಸು ನಿಂತಿದ್ದೆ.

ಯುಗಾದಿ ಕಳೆದು ಅವರು ಬಂದರೆಂದು ತಂಗಿಯಿಂದ ಗೊತ್ತಾಯಿತು. ಶಾಲೆ ಮುಗಿಸಿ ಅವರ ಮನೆಗೆ ಹೋದೆ. ಹುಡುಗಿ ಹೊರಗೆ ಕೂತು ಪಾತ್ರೆ ತಿಕ್ಕುತ್ತಿದ್ದಳು. ಎದ್ದು ನಿಂತಳು. ಕೈಬೆರಳುಗಳ ಚರ್ಮ ಸುಲಿದು ಕೆಂಪಗಿತ್ತು. ಮಾತಿನ ನಡುವೆ ಕೆಮ್ಮುತ್ತಿದ್ದಳು. ಈಗ ವರ್ಷದಲ್ಲಿ ಎರಡನೆಯ ಪರೀಕ್ಷೆಯೂ ಇದೆ, ಇನ್ನೂ ದಿನ ಇವೆ, ನಾನೇ ಪಾಠ ಮಾಡುತ್ತೇನೆ, ಬರೆದುಬಿಡು ಅಂದೆ. ಅವಳು ಅಮ್ಮನನ್ನು ನೋಡಿದಳು. ಅಮ್ಮ ಒಳಗಿನಿಂದ ಚಾಪೆ ತಂದು ಹಾಸಿ, ನಾನು ಕೂತ ಮೇಲೆ ದೂರದಲ್ಲಿ ತಾನೂ ಕೂತಳು.

ಮೊದಲು ನಾನು ಹುಡುಗಿಯನ್ನೇ ಕೇಳಿದೆ. ಫಲಕದಲ್ಲಿ ಎಲ್ಲಾ ಇತ್ತಲ್ಲ, ನೋಡಲಿಲ್ಲವೇ. ಮೊದಮೊದಲು ನೋಡಿದೆ ಅಂದಳು. ವಿಡಿಯೋ ಅರ್ಧಕ್ಕೆ ನಿಂತು ತಿರುಗುತ್ತಿತ್ತಂತೆ, ದಿನದ ನೆಟ್ಟು ಅಪ್ಪ ಆಗಲೇ ಮುಗಿಸಿರುತ್ತಿದ್ದನಂತೆ. ನಿಂತು ನಿಂತು ನೋಡಿದರೂ ತಿಳಿಯದ ಕಡೆ ಕೇಳಲು ಯಾರೂ ಇರಲಿಲ್ಲ ಅಂದಳು. ಹಾಗಾದರೆ ದಿನಾ ಸಂಜೆ ತೆರೆಯುತ್ತಿದ್ದೆಯಲ್ಲ, ಏನು ನೋಡುತ್ತಿದ್ದೆ ಎಂದು ಕೇಳಿದೆ. ನಾನು ಮೊಬೈಲಿನ ಬುದ್ಧಿವಂತೆ, ಸಿಕ್ಕಿಬಿದ್ದ ಕಳ್ಳಿಯನ್ನು ಕೇಳುವ ಧಾಟಿಯಲ್ಲೇ ಕೇಳಿದೆನೇನೋ.

"ಆ ನೆಲದ ವಿಡಿಯೋ ರೀ," ಅಂದಳು. "ಸಣ್ಣದಿತ್ತು, ಲಗೂನ ತೆರೀತಿತ್ತು. ಅದರಾಗ ನಮ್ಮ ಕ್ಲಾಸಿನ ಗದ್ದಲ ಕೇಳಸ್ತಿತ್ತು. ಅದನ್ನ ಕೇಳಿ ಆಮ್ಯಾಲ ಪುಸ್ತಕ ತೆಗೀತಿದ್ದೆ. ಒಂದಿನ ನೋಡಿದ್ರ ಅದು ಇರಲಿಲ್ಲ. ಆಮ್ಯಾಲ ನಾ ತೆಗೀಲಿಲ್ರಿ."

ನೂರಾರು ವಿಡಿಯೋ ನೋಡಿ ಆರಿಸಿಟ್ಟವಳು ನಾನು. ಅವಳಿಗೆ ಬೇಕಾದ ಒಂದೇ ಒಂದನ್ನು ಕಸವೆಂದು ತೆಗೆದಿದ್ದೆ. ಅದನ್ನು ಅಳಿಸಿದ ದಿನ ಎಷ್ಟು ಹುರುಪಿನಲ್ಲಿದ್ದೆ ಎಂಬುದು ನೆನಪಾಗಿ ನನ್ನ ಮೇಲೆ ನನಗೇ ಹೇಸಿಕೆ ಬಂತು. ಹುಡುಗಿ ಪಾತ್ರೆ ತೆಗೆದುಕೊಂಡು ಒಳಗೆ ಹೋದಳು. ನಾನು ತಾಯಿಯ ಕಡೆ ತಿರುಗಿ, ಎರಡನೆಯ ಪರೀಕ್ಷೆಗಾದರೂ ಬಿಡಿ ಎಂದು ಬೇಡಿಕೊಂಡೆ. ಈ ಸಲ ಮೇಸ್ತ್ರಿ ಅವಳನ್ನು ಪೂರಾ ಕೂಲಿಯ ಆಳು ಎಂದು ಲೆಕ್ಕ ಹಿಡಿದಿದ್ದಾನೆ, ಅವಳ ಅಪ್ಪ ಇನ್ನು ಶಾಲೆಯ ಮಾತು ಎತ್ತಲು ಬಿಡುವುದಿಲ್ಲ ಅಂದಳು. ಹಾಗಾದರೆ ಮೊದಲೇ ಯಾಕೆ ಕರೆದುಕೊಂಡು ಹೋದಿರಿ ಎಂದು ನನಗೆ ಸಿಟ್ಟೇ ಬಂತು. ನಿಮಗೆ ಇಷ್ಟವಿಲ್ಲದಿದ್ದರೆ ಬಿಟ್ಟು ಹೋಗಬಹುದಿತ್ತಲ್ಲ ಅಂದುಬಿಟ್ಟೆ.

ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಕೂತಿದ್ದಳು. ನನ್ನ ಮುಖ ನೋಡದೆ ಹೇಳಿದಳು.

"ನೀವು ಬ್ಯಾಡ ಅಂತೀರಿ ಅಂತ ಬಂದಿದ್ದೆರೀ ನಾ. ದೊಡ್ಡ ಸರ್ ಇದ್ದಿದ್ರ ಬೈತಿದ್ರು. ಬೈಸ್ಕೊಂಡು ಬಂದು ಮನ್ಯಾಗ ಹೇಳ್ತಿದ್ದೆ, ಸಾಲ್ಯಾಗ ಬಿಡವಲ್ರು ಅಂತ. ನನ್ನ ಮಾತು ಮನ್ಯಾಗ ಯಾರು ಕೇಳ್ತಾರ್ರಿ? ನಿಮ್ಮದಾದ್ರ ಕೇಳ್ತಿದ್ರು. ನೀವು ಕುರ್ಚಿ ಕೊಟ್ರಿ. ಕೈ ಹಿಡಿದು ಹೋಗಿ ಬರ್ರಿ ಅಂದ್ರಿ. ಮನಿಗೆ ಬಂದು ಏನಂತ ಹೇಳ್ಲಿ ನಾ?"

ಬಸ್ಸಿನಲ್ಲಿ ಬರುವಾಗ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿ ಕೂತ ಅಜ್ಜಿ, ಮೈಯಾಗ ಆರಾಮ ಇಲ್ಲೇನವ್ವ ಎಂದು ಕೇಳಿ ಕಿಟಕಿ ತೆರೆದುಕೊಟ್ಟಳು. ಗುಳೆ ಹೋಗುವವರ ಕೇರಿಯಲ್ಲೇ ಹುಟ್ಟಿ ಬೆಳೆದವಳು ನಾನು. ಹೊರಗಿನಿಂದ ಬಂದ ಟೀಚರಿಗೆ ಗೊತ್ತಾಗದಿದ್ದರೆ ಅದು ಬೇರೆ ಮಾತು. ನನಗೆ ಗೊತ್ತಾಗಬೇಕಿತ್ತು.

ಆ ಭಾನುವಾರ ಮಾನ್ವಿಗೆ ಹೋದೆ. ಅವ್ವ ನನ್ನ ತಮ್ಮನ ಮನೆಯಲ್ಲಿ ಇರುತ್ತಾಳೆ. ಕಣ್ಣು ಕಿವಿ ಚುರುಕಾಗಿವೆ, ಮೊಮ್ಮಕ್ಕಳ ಮೇಲೆ ದರ್ಬಾರು ಮಾಡಿಕೊಂಡು ಗಟ್ಟಿಮುಟ್ಟಾಗಿದ್ದಾಳೆ. ಬುದ್ಧನ ಪಟದ ಕೆಳಗೆ ಕಾಲು ಚಾಚಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ನಾನೂ ಕೂತು ಸುಲಿಯುತ್ತ ಎಲ್ಲವನ್ನೂ ಹೇಳಿದೆ. ಹೇಳಿ, ಮೂವತ್ತು ವರ್ಷ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದೆ. ಅವತ್ತು ಮಾಸ್ತರು ನಿನ್ನ ಬೈದಾಗ ನಿನಗೆ ಏನನ್ನಿಸಿತು ಎಂದು ಕೇಳಿದೆ.

"ಏನನ್ನಸೂದು? ಬೈಸ್ಕೊಳ್ಳಾಕನ ಹೋಗಿದ್ದೆ," ಅಂದಳು ಅವ್ವ. "ನಿಮ್ಮಪ್ಪಗ ನಾ ಹೇಳಿದ್ರ ಕೇಳ್ತಿದ್ದನೇನು? ಮಾಸ್ತರ ಅಂದ್ರ ಅಂಜತಿದ್ದ."

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನಾನು ಆ ಮಾಸ್ತರನ್ನು ಇಷ್ಟು ವರ್ಷ ಶಪಿಸುತ್ತ ಬಂದೆ, ಅವರು ತೀರಿಕೊಂಡಾಗ ಮಣ್ಣಿಗೂ ಹೋಗಲಿಲ್ಲ ಅಂದೆ. ಅವ್ವ ಬೆಳ್ಳುಳ್ಳಿ ಸಿಪ್ಪೆಯನ್ನು ಊದಿ ಪಕ್ಕಕ್ಕೆ ಸರಿಸಿ, ಹೇಳೂದು ಏನಿತ್ತು, ನೀ ಪಾಸಾದೆಲ್ಲ ಅಂದಳು. ಮತ್ತೆ ಕೆಲಸಕ್ಕೆ ಕೈ ಹಾಕಿದಳು. ನಾನು ಆ ಹುಡುಗಿಯ ವಿಷಯದಲ್ಲಿ ಏನು ಮಾಡಲಿ ಎಂದು ಕೇಳಿದ್ದಕ್ಕೆ, ಇನ್ನೊಂದು ಬೆಳ್ಳುಳ್ಳಿ ಗಡ್ಡೆಯನ್ನು ನನ್ನ ಮುಂದೆ ಸರಿಸಿದಳು.

ಎರಡನೆಯ ಪರೀಕ್ಷೆಗೆ ಅವಳು ಬರಲಿಲ್ಲ. ದೊಡ್ಡ ಸರ್ ತಾವೇ ಹೋಗಿ ಅವಳ ಅಪ್ಪನ ಹತ್ತಿರ ಜಗಳ ಮಾಡಿದರು. ನಿಮ್ಮ ಟೀಚರ್ರೇ ಕಳಿಸ್ಯಾರ, ಈಗ ಯಾಕ ಬಂದ್ರಿ ಎಂದು ಅವನು ಕೇಳಿದನಂತೆ. ಅದನ್ನು ಅವರು ನನಗೆ ಹೇಳಲಿಲ್ಲ, ಬೇರೆಯವರಿಂದ ತಿಳಿಯಿತು. ಜೂನಿನಲ್ಲಿ ಅವರು ನಿವೃತ್ತರಾದರು. ಬೀಳ್ಕೊಡುವ ದಿನ ನಾನು ಅವರ ಕಾಲಿಗೆ ಬಿದ್ದೆ. ಎಲ್ಲರೂ ಬೀಳುತ್ತಿದ್ದರು, ಅವರಿಗೆ ಅದರಲ್ಲಿ ವಿಶೇಷ ಕಂಡಿರಲಿಕ್ಕಿಲ್ಲ.

ಫಲಕ ಈಗಲೂ ಇದೆ. ಟಿವಿಯಲ್ಲಿ ಹಾಕುತ್ತೇನೆ, ನಿಲ್ಲಿಸುತ್ತೇನೆ, ಕೇಳುತ್ತೇನೆ. ಆದರೆ ಯಾರಾದರೂ ಅದನ್ನು ಹೊಗಳಿದರೆ ಮಾತು ಬದಲಿಸುತ್ತೇನೆ. ಜಿಲ್ಲೆಗೆಲ್ಲ ಹರಡೋಣ ಎಂದು ಮತ್ತೊಮ್ಮೆ ಕರೆ ಬಂದಾಗ, ತರಗತಿಯೊಳಗೆ ಇಟ್ಟುಕೊಳ್ಳಿ, ತರಗತಿಗೆ ಬದಲಾಗಿ ಕೊಡಬೇಡಿ ಎಂದು ಹೇಳಿ ಬಂದೆ. ಈ ಸಲ ಚಪ್ಪಾಳೆ ಸಣ್ಣದಿತ್ತು.

ಮುಂದಿನ ಜನವರಿಯಲ್ಲಿ ಅದೇ ತಾಯಿ ಮತ್ತೆ ಶಾಲೆಗೆ ಬಂದಳು. ಸಣ್ಣ ಮಗಳು ಆಗ ಒಂಬತ್ತನೆಯ ತರಗತಿ. ಆಕೆ ಸ್ಟಾಫ್ ರೂಮಿನ ಕಡೆ ಬರಲೇ ಇಲ್ಲ. ವರಾಂಡದ ನಡುವೆ, ನಾಲ್ಕು ತರಗತಿಗಳ ಬಾಗಿಲು ಕಾಣುವ ಕಡೆ ಬಂದು ನಿಂತಳು. ಗಂಡನ ಕಡೆಯ ಒಬ್ಬ ಗಂಡಸನ್ನೂ ಜೊತೆಗೆ ಕರೆತಂದಿದ್ದಳು. ಅವನು ಕಂಬದ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದ. ಸಣ್ಣಾಕಿನ್ನ ಕರ್ಕೊಂಡು ಹೋಗ್ಲೇನ್ರಿ ಎಂದು ಆಕೆ ಕೇಳಿದಳು. ನಮ್ಮಿಬ್ಬರ ಕಣ್ಣು ಒಂದು ಸಲ ಕೂಡಿದವು.

ನಾನು ಬೈದೆ. ನಾನು ಅಷ್ಟು ಜೋರಾಗಿ ಬೈಯಬಲ್ಲೆ ಎಂದು ನನಗೇ ಗೊತ್ತಿರಲಿಲ್ಲ. ಕೂಸಿನ ಬದುಕು ಹಾಳು ಮಾಡ್ತೀಯೇನು, ಒಂದು ಹೆಜ್ಜಿ ಆಕಿ ಊರು ಬಿಟ್ರ ಮೇಲಿನವರ ತನಕ ಹೋಗ್ತೀನಿ ಎಂದು ಕಿರುಚಿದೆ. ದೊಡ್ಡ ಸರ್ ಮಾತುಗಳೇ ಬಾಯಿಗೆ ಬಂದವು. ತರಗತಿಗಳ ಬಾಗಿಲಲ್ಲಿ ಮಕ್ಕಳ ತಲೆಗಳು ಇಣುಕಿದವು. ಕಂಬದ ಹತ್ತಿರ ನಿಂತವನು ಹಿಂದೆ ಸರಿದು, ನಾನು ಆಗಲೇ ಹೇಳಿದ್ದೆ ಬ್ಯಾಡ ಅಂತ ಎಂದು ಗೊಣಗಿದ. ಆಕೆ ತಲೆ ತಗ್ಗಿಸಿ ನಿಂತು, ಹೂಂ ರೀ, ತಪ್ಪಾತ್ರಿ ಎಂದು ಕೈ ಮುಗಿದು, ಸೆರಗು ಹೊದ್ದು ಹೊರಟಳು. ಮೆಟ್ಟಿಲು ಇಳಿಯುವಾಗ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅತ್ತದ್ದೋ ನಕ್ಕದ್ದೋ ನನಗೆ ಕಾಣಲಿಲ್ಲ.

ನಾನು ಗೇಟಿನ ತನಕ ಹೋದೆ. ಹೊರಗೆ ರಸ್ತೆಯಲ್ಲಿ ಗುಳೆ ಹೊರಡುವವರ ಲಾರಿ ನಿಂತಿತ್ತು. ಪಾತ್ರೆ, ಹಾಸಿಗೆ, ಸೀಮೆಎಣ್ಣೆ ಡಬ್ಬಿ ಏರಿಸುತ್ತಿದ್ದರು. ದೊಡ್ಡ ಹುಡುಗಿ ಕಾಂಪೌಂಡಿನ ಗೋಡೆಗೆ ಒರಗಿ, ಗಂಟು ಕಾಲ ಹತ್ತಿರ ಇಟ್ಟುಕೊಂಡು ನಿಂತಿದ್ದಳು. ಎಲ್ಲಾ ಕೇಳಿಸಿಕೊಂಡಿದ್ದಳು. ನನ್ನನ್ನು ಕಂಡು ನೆಟ್ಟಗೆ ನಿಂತು ನಮಸ್ಕಾರ ಮಾಡಿದಳು.

"ಹೋದ ವರ್ಷ ನ‌ನ್ನ ಸಲುವಾಗೂ ಹಿಂಗ ಬೈಬೇಕಿತ್ರಿ ಟೀಚರ್," ಅಂದಳು.

ಸಿಟ್ಟಿನಿಂದ ಹೇಳಲಿಲ್ಲ. ತರಗತಿ ಮುಗಿದ ಮೇಲೆ ವರಾಂಡದಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದಾಗಿನ ದನಿಯಲ್ಲೇ ಹೇಳಿದಳು. ಲಾರಿಯ ಹತ್ತಿರದಿಂದ ಮೇಸ್ತ್ರಿ ಕರೆದ. ಅವಳು ಗಂಟನ್ನು ತಲೆಯ ಮೇಲೆ ಇಟ್ಟುಕೊಂಡು, ಅಮ್ಮನ ಹಿಂದೆ ಲಾರಿಯ ಕಡೆಗೆ ನಡೆದಳು.